ರಸ್ತೆ ನುಂಗಿದ ಮೆಟ್ಟಿಲು

ಎದುರುಮನೆ ಮೇಸ್ತ್ರಿಯ ಹಿಮ್ಮಡಿಗಳಲ್ಲಿ ಕಡ್ಡಿ ತೂರಿಸುವಷ್ಟು ಆಳದ ಬಿರುಕುಗಳಿದ್ದವು. ಆ ಬಿರುಕುಗಳ ತುಂಬ ಸಿಮೆಂಟು. ಗಾರೆ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅದು ಹೋಗಿರಲಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ನನಗೆ ಮೊದಲು ಕಾಣುತ್ತಿದ್ದುದು ಆ ಹಿಮ್ಮಡಿಗಳೇ. ತನ್ನ ಜಗಲಿಯ ಮೇಲೆ ಗೋಡೆಗೆ ಒರಗಿ, ಎರಡೂ ಪಾದಗಳನ್ನು ನೇರ ನಮ್ಮ ಹೊಸ್ತಿಲಿಗೆ ತೋರಿಸಿಕೊಂಡು ಕೂತಿರುತ್ತಿದ್ದ. ಬೇಕೆಂದೇ ಹಾಗೆ ಕೂರುತ್ತಾನೆ ಎಂದು ನಾನು ಹನ್ನೊಂದು ವರ್ಷ ನಂಬಿದ್ದೆ. ಈಗಲೂ ಅರ್ಧ ನಂಬುತ್ತೇನೆ.

ಎದುರಿಗೆ ಮೇಸ್ತ್ರಿಗಳೇ ಎನ್ನುತ್ತಿದ್ದೆ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವನು, ಇವನು. ತೀರಿಕೊಂಡವರ ವಿಷಯ ಬರೆಯುವಾಗ ಬಹುವಚನ ಹಚ್ಚಬೇಕು ಎಂದು ನಮ್ಮ ಮನೆಯವರು ಹೇಳುತ್ತಾರೆ. ಹಚ್ಚಿ ನೋಡಿದೆ. ಬೇರೆ ಯಾರೋ ಸಾಧುಸ್ವಭಾವದ ಹಿರಿಯರ ಹಾಗೆ ಕಂಡ. ಅದಕ್ಕೇ ಏಕವಚನವನ್ನೇ ಇಟ್ಟುಕೊಂಡಿದ್ದೇನೆ.

ನಾನು ಅಜ್ಜಂಪುರದವಳು. ಮದುವೆಯಾಗಿ ಕಡೂರಿನ ಈ ಬೀದಿಗೆ ಬಂದೆ. ಬೀದಿಯ ಅಗಲ ಎಷ್ಟೆಂದರೆ, ಎದುರುಬದುರು ಮನೆಯವರು ಜಗಲಿ ಬಿಟ್ಟು ಏಳದೆ ಜಗಳ ಮುಗಿಸಬಹುದು. ಒಂದು ಕಾರು ನಿಂತರೆ ಪಕ್ಕದಲ್ಲಿ ಬೈಕು ಮಾತ್ರ ದಾಟೀತು. ನಮ್ಮ ಮನೆಯ ಮುಂದೆ ಕರೆಂಟು ಕಂಬ, ಅದರ ಪಕ್ಕ ಚರಂಡಿ. ಗಾಡಿ ನಿಲ್ಲಿಸಲು ಅನುಕೂಲವಾದ ಜಾಗ ಮೇಸ್ತ್ರಿಯ ಮನೆ ಮುಂದಿನದು. ಅಲ್ಲಿ ಅವನು ಎರಡು ಸೈಜುಗಲ್ಲು ಇಟ್ಟಿದ್ದ. ಅವನಿಗೆ ಕಾರಿರಲಿಲ್ಲ, ಬೈಕಿರಲಿಲ್ಲ, ಸೈಕಲ್ಲೂ ಇರಲಿಲ್ಲ. ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳನ್ನು ಅಜ್ಜಂಪುರಕ್ಕೆ ಕೊಟ್ಟಿದ್ದ, ಅವಳು ಬಂದರೂ ಬಸ್ಸಿನಲ್ಲೇ ಬರುತ್ತಿದ್ದಳು. ಆದರೂ ಆ ಕಲ್ಲುಗಳ ಹತ್ತಿರ ಯಾರ ಚಕ್ರ ನಿಂತರೂ ಮೇಸ್ತ್ರಿ ಎದ್ದುಬರುತ್ತಿದ್ದ.

"ಇಲ್ಲಿ ನಿಲ್ಲಿಸ್ಬ್ಯಾಡ."

"ಯಾಕೆ?"

"ನಿಲ್ಲಿಸ್ಬ್ಯಾಡ ಅಂದ್ನಲ್ಲ."

ಅಷ್ಟೇ. ಕಾರಣ ಹೇಳಿದರೆ ತನ್ನ ಗಂಟೇನೋ ಕರಗುತ್ತದೆ ಎನ್ನುವ ಹಾಗೆ ತಿರುಗಿ ಹೋಗಿ ಕೂರುತ್ತಿದ್ದ. ಹಾಗಾಗಿ ನಮ್ಮ ಹಳೆಯ ಓಮ್ನಿ ಬೀದಿಯ ತುದಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಮನೆಗೆ ಇನ್ನೂರು ಹೆಜ್ಜೆ. ಅದರ ಗಾಜಿನ ಮೇಲೆ ಯಾವಾಗಲೂ ರಾಗಿ ಹಿಟ್ಟಿನ ಧೂಳು ಕೂತಿರುತ್ತಿತ್ತು.

ಅವನದೊಂದು ಬೆಳಗಿನ ಕೆಲಸವಿತ್ತು. ತುದಿ ಬಾಗಿದ ಒಂದು ಕಬ್ಬಿಣದ ಸರಳು ಹಿಡಿದು ಆ ಎರಡು ಕಲ್ಲುಗಳ ನಡುವೆ ಕುಕ್ಕರಗಾಲಲ್ಲಿ ಕೂತು, ನೆಲದಲ್ಲಿದ್ದ ಒಂದು ಕಿಂಡಿಯೊಳಗಿಂದ ಪ್ಲಾಸ್ಟಿಕ್ ಕವರು, ಎಲೆ, ಹಾಲಿನ ಪಾಕೀಟು ಎಲ್ಲ ಎಳೆದು ಹಾಕುತ್ತಿದ್ದ. ರಾಶಿ ಮಾಡಿ, ಒಂದು ಗಳಿಗೆ ಅದನ್ನೇ ನೋಡಿ, ಎದ್ದು ಕೈ ತೊಳೆದುಕೊಳ್ಳುತ್ತಿದ್ದ. ನಾನು ಬಸ್ಸಿಗೆ ಓಡುವ ಹೊತ್ತು ಅದು. ಯಗಟಿಯ ಕಡೆ ಕಂದಾಯ ಕಚೇರಿಯೊಂದರಲ್ಲಿ ನನಗೆ ಗುಮಾಸ್ತೆ ಕೆಲಸ. ಖಾತೆ, ಪಹಣಿ, ಅರ್ಜಿಗಳ ನಡುವೆ ದಿನವಿಡೀ ಇರುವ ನನಗೆ, ಕಿಂಡಿಯಿಂದ ಕಸ ಎಳೆಯುತ್ತ ಕೂರುವ ಮನುಷ್ಯನನ್ನು ಕಂಡರೆ ಕೆಲಸವಿಲ್ಲದವನು ಎನ್ನಿಸುತ್ತಿತ್ತು.

ನಮ್ಮ ಅತ್ತೆಗೆ ಮಾತ್ರ ಮೇಸ್ತ್ರಿಯನ್ನು ಕಂಡರೆ ಸಲಿಗೆ. ನಮ್ಮ ಮನೆ ಕಟ್ಟಿದವನು ಅವನೇ. ಆಗ ಅತ್ತೆ ಎಳೆಯ ಬಾಣಂತಿಯಂತೆ, ಮಗುವನ್ನು ಎದೆಗೆ ಅವುಚಿಕೊಂಡು ನಿಂತು ಒಂದೊಂದು ಕಲ್ಲನ್ನೂ ಅವನಿಂದ ಇಡಿಸಿದರಂತೆ. ಅವನು ಅವರನ್ನು ಅಕ್ಕ ಎನ್ನುತ್ತಿದ್ದ. ಜಗಲಿಯಿಂದ ಜಗಲಿಗೆ ಅವರಿಬ್ಬರ ಮಾತು ನಡೆದಾಗಲೆಲ್ಲ ಒಂದು ಸಲವಾದರೂ ಇದು ಬಂದೇ ಬರುತ್ತಿತ್ತು:

"ಐದು ಮೆಟ್ಲು ಕಟ್ಟಿದ್ದೆ ಅಕ್ಕ ನಿನ್ ಮನೆಗೆ. ಈಗ ಎಣಿಸು."

"ಮೂರು ಐತೆ ಕಣೋ."

"ಇನ್ನೆರಡು ಎಲ್ಲೋದ್ವು?"

"ರಸ್ತೆ ನುಂಗ್ತು."

ಎರಡು ಸಲ ಟಾರು ಹಾಕುವಾಗಲೂ ಹಳೆಯದನ್ನು ಕೀಳದೆ ಅದರ ಮೇಲೇ ಹಾಕಿದ್ದರು. ಬೀದಿ ಎತ್ತರವಾಯಿತು, ಮೆಟ್ಟಿಲು ಒಂದೊಂದಾಗಿ ಮುಚ್ಚಿಹೋದವು. ಇದು ನನಗೆ ಬರೀ ಮುದುಕರ ಹರಟೆ ಎನ್ನಿಸಿತ್ತು.

ಆಮೇಲೆ ಅತ್ತೆಯ ಕಿಡ್ನಿ ಕೈಕೊಟ್ಟಿತು. ಸೋಮವಾರ ಮತ್ತು ಗುರುವಾರ ಡಯಾಲಿಸಿಸ್. ನಾಲ್ಕು ಗಂಟೆ ಮಲಗಿ ಎದ್ದು ಬರುವ ಹೊತ್ತಿಗೆ ಅವರು ಹಿಂಡಿ ಹಾಕಿದ ಬಟ್ಟೆಯ ಹಾಗಾಗಿರುತ್ತಿದ್ದರು. ಇನ್ನೂರು ಹೆಜ್ಜೆ ಹೋಗಲಿ, ಮೂರು ಮೆಟ್ಟಿಲು ಹತ್ತುವುದೇ ಯುದ್ಧ. ನಮ್ಮ ಮನೆಯವರು ತರೀಕೆರೆಯ ಕಾಲೇಜಿನಲ್ಲಿ ಅಟೆಂಡರು, ಬೆಳಗಿನ ರೈಲಿಗೆ ಹೋಗಿಬಿಡುತ್ತಾರೆ. ಜಗಳವೆಂದರೆ ಮೊದಲೇ ಆಗದು. ಆ ಎರಡು ದಿನ ಅರ್ಧ ರಜೆ ಹಾಕಿ ಗಾಡಿ ಓಡಿಸುವವಳು ನಾನು, ಜಗಳವಾಡುವವಳೂ ನಾನು. ಗಾಡಿ ಮನೆ ಬಾಗಿಲಿಗೆ ಬರಬೇಕು, ಬಾಗಿಲಲ್ಲೇ ನಿಂತಿರಬೇಕು. ಆಗಿನ ನನ್ನ ಬದುಕಿನ ಬೇಡಿಕೆ ಇದೊಂದೇ ಆಗಿತ್ತು.

ಮೇಸ್ತ್ರಿಯನ್ನು ಕೇಳಿದೆ. ಸ್ವರ ತಗ್ಗಿಸಿಯೇ ಕೇಳಿದೆ.

"ಅಕ್ಕನ್ನ ಹತ್ತಿಸಾವಷ್ಟೊತ್ತು ನಿಲ್ಸು. ಆಮ್ಯಾಕೆ ತೆಗಿ," ಎಂದ.

ಒಂದು ಭಾನುವಾರ ಸಂಜೆ ನನಗೆ ರೇಗಿತು. ಅವನು ಎಲ್ಲೋ ಹೋಗಿದ್ದಾಗ ಆ ಕಲ್ಲುಗಳ ನಡುವೆ ಓಮ್ನಿ ತೂರಿಸಿ ನಿಲ್ಲಿಸಿಬಿಟ್ಟೆ. ಬೆಳಿಗ್ಗೆ ನೋಡಿದರೆ ಒಂದು ಕಲ್ಲು ಮುಂದಿನ ಚಕ್ರಕ್ಕೆ ಅಂಟಿಕೊಂಡಿದೆ, ಇನ್ನೊಂದು ಹಿಂದಿನ ಚಕ್ರಕ್ಕೆ. ಗಾಡಿ ಅತ್ತಿತ್ತ ಅಲ್ಲಾಡುವಂತಿಲ್ಲ. ಅತ್ತೆ ಜಗಲಿಯಲ್ಲಿ ಕುರ್ಚಿಯ ಮೇಲೆ ತಯಾರಾಗಿ ಕೂತಿದ್ದಾರೆ. ಎದುರಿಗೆ ಆ ಹಿಮ್ಮಡಿಗಳು. ನಾನು ಸೆರಗು ಕಟ್ಟಿ ಕಲ್ಲು ನೂಕಿದೆ. ಉಗುರು ಕಿತ್ತು ರಕ್ತ ಬಂತು, ಕಲ್ಲು ಜರುಗಲಿಲ್ಲ.

"ಏನ್ ಮನುಷ್ಯರು ನೀವು? ಇವತ್ತು ಸೋಮವಾರ ಅಂತ ಗೊತ್ತಿಲ್ವಾ?"

"ಗೊತ್ತೈತೆ. ನಿಂಗೇ ಗೊತ್ತಿಲ್ಲ ಅನ್ಕಂಡಿದ್ದೆ," ಎನ್ನುತ್ತ ಹಾರೆ ತಂದ. ಹಾರೆಯ ತುದಿ ಕಲ್ಲಿನಡಿ ಕೊಟ್ಟು ಒಂದೇ ಒಂದು ಸಲ ಮೀಟಿದ. ನನ್ನ ಮಾತು ಕೇಳದ ಕಲ್ಲು ಅವನ ಮಾತು ಕೇಳಿತು. ನಾನು ಗಾಡಿ ಹೊರಡಿಸುವಾಗ ಅವನು ಅತ್ತೆಯ ಕಡೆ ನೋಡಿ ನಕ್ಕ. ಅತ್ತೆಯೂ ನಕ್ಕರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಆ ಮಧ್ಯಾಹ್ನವೇ ಪುರಸಭೆಗೆ ಅರ್ಜಿ ಬರೆದೆ. ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಚೇರಿಯಲ್ಲಿಲ್ಲ. ಸಾರ್ವಜನಿಕ ರಸ್ತೆಯ ಅತಿಕ್ರಮಣ, ರೋಗಿಗಳ ಸಂಚಾರಕ್ಕೆ ಅಡಚಣೆ, ಈ ಹಿಂದೆ ಮೌಖಿಕವಾಗಿ ತಿಳಿಸಿದರೂ ಉಡಾಫೆಯ ವರ್ತನೆ. ಒಂದು ಪುಟ, ಒಂದು ತಪ್ಪಿಲ್ಲ. ಕೆಳಗೆ ನನ್ನ ಹೆಸರು, ಸಹಿ.

ಕೆಲವು ದಿನವಾದ ಮೇಲೆ ಸಂಜೆ ಮೇಸ್ತ್ರಿ ನಮ್ಮ ಮನೆಗೆ ಬಂದ. ಕೈಯಲ್ಲಿ ನೋಟೀಸು, ಅದಕ್ಕೆ ಪಿನ್ನು ಹೊಡೆದ ನನ್ನ ಅರ್ಜಿಯ ಪ್ರತಿ. ಮೂರನೇ ಮೆಟ್ಟಿಲ ಮೇಲೆ ಕೂತು ನನ್ನ ಕಡೆ ಚಾಚಿದ.

"ಆಫೀಸ್ನೋಳು ನೀನು. ಏನ್ ಬರ್ದೈತೆ ಓದಮ್ಮ."

ಅವನಿಗೆ ಓದು ಬರುವುದಿಲ್ಲ ಎಂದು ಆವರೆಗೆ ನನಗೆ ಗೊತ್ತಿರಲಿಲ್ಲ. ಮುಚ್ಚಿಡಬಹುದಿತ್ತು. ನಮ್ಮ ಮನೆಯವರು ಬಾಗಿಲ ಹಿಂದಿನಿಂದ ಕೈಸನ್ನೆ ಮಾಡುತ್ತಿದ್ದರು. ನನಗೆ ಹಟ ಬಂತು. ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ, ಉಡಾಫೆ ಎಂಬುದನ್ನೂ ಓದಿದೆ. ಕೊನೆಯಲ್ಲಿ ನನ್ನ ಹೆಸರನ್ನೂ ಓದಿದೆ.

ಅವನು ತಲೆದೂಗುತ್ತ ಕೇಳಿಸಿಕೊಂಡ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡ.

"ಬರವಣಿಗೆ ಚೆನ್ನಾಗೈತೆ," ಎಂದ. ಎದ್ದು ಎರಡು ಹೆಜ್ಜೆ ಹೋಗಿ ತಿರುಗಿದ. "ಅದೇನೋ ಸಾರ್ವಜನಿಕ ಅಂದ್ಯಲ್ಲ. ಅಂದ್ರೆ ಯಾರು?"

"ಎಲ್ಲರೂ."

"ನಾನೂ ಸೇರೇನು?"

ಮರುದಿನ ಅವನು ಎರಡೂ ಕಲ್ಲುಗಳನ್ನು ಗೋಡೆಯ ಕಡೆಗೆ ಒಂದೊಂದು ಗೇಣು ಸರಿಸಿದ. ನೋಡಲು ಬಂದ ಪುರಸಭೆಯವರಿಗೆ ಸರಿಸಿದ್ದನ್ನು ತೋರಿಸಿದ. ಅಲ್ಲಿಗೆ ಅದು ಮುಗಿಯಿತು.

ಕಾಂಕ್ರೀಟು ರಸ್ತೆ ಬರುತ್ತದೆ ಎಂಬ ಸುದ್ದಿ ಬಂದಾಗ ಬೀದಿಯವರೆಲ್ಲ ಖುಷಿಪಟ್ಟೆವು. ಈ ಸಲವೂ ಹಳೆಯದರ ಮೇಲೆಯೇ. ಗುತ್ತಿಗೆದಾರನ ಕಡೆಯ ಸೂಪರ್‌ವೈಸರ್ ಬಂದು ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ನಮ್ಮ ಮನೆಯಲ್ಲಿ ಆ ಗೆರೆ ಎರಡನೇ ಮೆಟ್ಟಿಲ ಮೇಲೆ ಹಾದುಹೋಯಿತು. ಎಂದರೆ ಉಳಿಯುವುದು ಒಂದೇ ಮೆಟ್ಟಿಲು. ನನಗೆ ಹಬ್ಬವಾಯಿತು. ಅತ್ತೆ ಹತ್ತಿ ಇಳಿಯುವ ಯುದ್ಧ ಮುಗಿಯಿತಲ್ಲ. ಮೇಸ್ತ್ರಿಗೆ ಕೇಳಲೆಂದೇ ಜಗಲಿಯಲ್ಲಿ ನಿಂತು ಜೋರಾಗಿ ಹೇಳಿದೆ, ರಸ್ತೆ ಎಷ್ಟು ಏರಿದರೆ ನಮಗಷ್ಟು ಒಳ್ಳೆಯದು ಎಂದು.

ಅವನು ಬೀದಿ ದಾಟಿ ಬಂದ. ಆ ಗೆರೆಯ ಮೇಲೆ ಬೆರಳಿಟ್ಟ.

"ಮೆಟ್ಲು ನಿಮ್ಮತ್ತೆಗೆ ಅಂತ ಕಟ್ಟಿದ್ದಲ್ಲ ಕಣಮ್ಮ. ನೀರಿಗೆ ಕಟ್ಟಿದ್ದು."

ಹೊಟ್ಟೆಕಿಚ್ಚಿನ ಮಾತು ಎಂದುಕೊಂಡೆ.

ಮಾರ್ಚಿನ ಒಂದು ಶುಕ್ರವಾರ ಬೀದಿಗೆ ಮಿಕ್ಸರ್ ಲಾರಿ ಬಂತು. ಒಂದು ತುದಿಯಿಂದ ಸುರಿಯುತ್ತ, ಎಳೆಯುತ್ತ, ತಟ್ಟುತ್ತ ಬಂದರು. ಮೇಸ್ತ್ರಿಯ ಮನೆಯ ಮುಂದೆ ಬಂದು ನಿಂತರು. ಅವನು ಕಲ್ಲುಗಳನ್ನು ತೆಗೆದಿಟ್ಟು, ಆ ಕಿಂಡಿಯ ಮೇಲೆ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತಿದ್ದ.

"ಅಜ್ಜ, ಏಳಿ. ಮಾಲು ಗಟ್ಟಿಯಾಗ್ತಿದೆ," ಎಂದ ಸೂಪರ್‌ವೈಸರ್.

"ಇದನ್ನ ಮುಚ್ಚಂಗಿಲ್ಲ. ಇಡೀ ಬೀದಿ ನೀರು ಕುಡಿಯಾದು ಈ ಬಾಯಿ."

"ಪ್ಲಾನಲ್ಲಿ ಇಲ್ಲ."

"ಪ್ಲಾನ್ ಮಾಡ್ದೋನು ಮಳೇಲಿ ಬಂದಿದ್ನಾ ಇಲ್ಲಿಗೆ? ನಾನೇ ಕಟ್ಟಿದ ಮೋರಿ ಇದು. ನಂಗೊತ್ತು."

ಬೀದಿಯ ಜನ ಸೇರಿದರು. ಒಬ್ಬರು ಕೈ ಮುಗಿದರು, ಇನ್ನೊಬ್ಬರು ಪೊಲೀಸರನ್ನು ಕರೆಯುವ ಮಾತಾಡಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ಸೋಮವಾರದೊಳಗೆ ರಸ್ತೆ ಮುಗಿಯದಿದ್ದರೆ ಅತ್ತೆಯ ಗತಿ ಏನು? ಒಬ್ಬ ಮನುಷ್ಯನ ಮೊಂಡಾಟಕ್ಕೆ ಒಂದು ಜೀವ ಹೋಗಬೇಕೇ? ಇನ್ನೂ ಏನೇನೋ ಅಂದೆ, ಮಕ್ಕಳಿಲ್ಲದ ಮನೆ ಎಂದೂ ಅಂದೆ. ಅವನಿಗೆ ಮಗಳಿದ್ದಳು, ಅದು ನನಗೂ ಗೊತ್ತಿತ್ತು. ಅವನು ನನ್ನ ಮುಖ ನೋಡಿದ.

ಕಡೆಗೆ ಸೂಪರ್‌ವೈಸರ್ ಬೇಸತ್ತು ಅವನ ಕುರ್ಚಿಯ ಸುತ್ತ ನಾಲ್ಕು ಹಲಗೆ ಕಟ್ಟಿಸಿದ. ಅದರ ಹೊರಗೆ ಕಾಂಕ್ರೀಟು ಸುರಿದುಕೊಂಡು ಮುಂದೆ ಹೋದರು. ಮೇಸ್ತ್ರಿ ಒಂದು ಚೌಕದ ನಡುವೆ ಉಳಿದ. ನಾಲ್ಕೂ ಕಡೆ ಹಸಿ ಕಾಂಕ್ರೀಟು. ಇಳಿಯುವ ಹಾಗಿಲ್ಲ, ಇಳಿದರೆ ತಾನೇ ಹಾಳುಮಾಡಬೇಕು. ಮಧ್ಯಾಹ್ನ ಅತ್ತೆ ಮುದ್ದೆ, ಸೊಪ್ಪಿನ ಸಾರು ಕಳಿಸಿದರು. ಇಟ್ಟಿಗೆಗಳ ಮೇಲೆ ಉದ್ದ ಹಲಗೆ ಚಾಚಿ, ಅದರ ಮೇಲೆ ತಟ್ಟೆ ನೂಕಿದವಳು ನಾನೇ. ಉಂಡು, ತಟ್ಟೆ ವಾಪಸು ನೂಕಿ ಅವನು ಅಂದದ್ದು ಒಂದೇ ಮಾತು: "ಉಪ್ಪಿಲ್ಲ." ಕಿಡ್ನಿಯ ಮನೆಯಲ್ಲಿ ಉಪ್ಪು ಎಲ್ಲಿಂದ ಬರಬೇಕು.

ಆಗಲೇ ನಾನು ಆ ತಪ್ಪು ಮಾಡಿದೆ. ನಮ್ಮ ಕಡೆ ಕಾಂಕ್ರೀಟು ಲಾರಿ ಬೀದಿಗೆ ಬಂದರೆ, ಕೆಲಸದವರಿಗೆ ಕಾಫಿ ಕೊಟ್ಟು, ಮಿಕ್ಕ ಮಾಲನ್ನು ತಮ್ಮ ತಮ್ಮ ಬಾಗಿಲ ಮುಂದೆ ಸುರಿಸಿಕೊಳ್ಳುವುದು ವಾಡಿಕೆ. ಚರಂಡಿಯ ಮೇಲೆ ಒಂದು ಇಳಿಜಾರು ಆಗುತ್ತದೆ, ಸ್ಕೂಟರು ಸಲೀಸಾಗಿ ಮನೆಯೊಳಗೆ ಹತ್ತುತ್ತದೆ. ಬಚ್ಚಲ ನೀರಿಗೆಲ್ಲ ಒಳಚರಂಡಿ ಬಂದ ಮೇಲೆ ನಮ್ಮ ಬೀದಿಯ ಚರಂಡಿ ಒಣಗಿಕೊಂಡೇ ಇರುತ್ತಿತ್ತು, ಮಳೆಗಾಲದಲ್ಲಷ್ಟೇ ಅದರ ನೆನಪು. ನಾನು ಹತ್ತು ಲೋಟ ಕಾಫಿ ಮಾಡಿದೆ. ಕೊನೆಯ ಲಾರಿಯಲ್ಲಿ ಉಳಿದ ಮಾಲೆಲ್ಲ ನಮ್ಮ ಚರಂಡಿಯೊಳಗೆ ಬಿತ್ತು. ರಸ್ತೆಯಿಂದ ನೇರ ಹೊಸ್ತಿಲಿಗೆ, ಗಾಲಿಕುರ್ಚಿ ಉರುಳಿಸಿಕೊಂಡು ಹೋಗುವಂಥ ಇಳಿಜಾರು.

ಎದುರಿನ ಚೌಕದಿಂದ ಮೇಸ್ತ್ರಿ ಎದ್ದುನಿಂತು ಕೂಗತೊಡಗಿದ. "ಪೈಪ್ ಹಾಕ್ಸಮ್ಮ. ಅಡೀಗೆ ಒಂದು ಪೈಪ್ ಹಾಕ್ಸು. ಲೇ, ಯಾರಾದ್ರೂ ಹೇಳ್ರೋ ಆ ಯಮ್ಮಂಗೆ." ದಾಟಿ ಬರುವಂತಿರಲಿಲ್ಲ ಅವನು. ನಾನು ಅವನಿಗೆ ಬೆನ್ನು ತಿರುಗಿಸಿ, ಕೆಲಸದವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ. ಜಗಳದಲ್ಲಿ ಗೆದ್ದ ಹಾಗಾಯಿತು.

ಸೋಮವಾರ ಬೆಳಿಗ್ಗೆ ಓಮ್ನಿ ತರಲು ಹೋದರೆ, ಅವನ ಎರಡು ಕಲ್ಲುಗಳೂ ಬೀದಿಯ ತಲೆಯಲ್ಲಿ ಅಡ್ಡ ಕೂತಿದ್ದವು. ರಸ್ತೆಯ ಮೇಲೆ ಮಣ್ಣಿನ ಚಿಕ್ಕ ಚಿಕ್ಕ ಬದು ಕಟ್ಟಿ ನೀರು ನಿಲ್ಲಿಸಿದ್ದರು. ಮೇಸ್ತ್ರಿ ಬಿಂದಿಗೆಯಲ್ಲಿ ಇನ್ನಷ್ಟು ನೀರು ಹುಯ್ಯುತ್ತಿದ್ದ. ಯಾರೂ ಅವನಿಗೆ ಆ ಕೆಲಸ ಹೇಳಿರಲಿಲ್ಲ.

"ಕಲ್ಲು ತೆಗೀರಿ. ಗಟ್ಟಿಯಾಗಿದೆಯಲ್ಲ," ಎಂದೆ.

"ಮೂರು ದಿನದ ಬಾಣಂತೀನ ನೀರು ಸೇದಾಕೆ ಕಳಿಸ್ತೀಯಾ? ಇದೂ ಹಂಗೇಯ. ಗಾಡಿ ಬ್ಯಾಡ."

"ಅತ್ತೆ ಹೆಂಗೆ ಬರಬೇಕು?"

"ಹೊತ್ಕಂಡು. ನಾನೊಂದು ಕಡೆ ಹಿಡಿತೀನಿ. ನಿನ್ ಗಂಡನ್ನ ರೈಲು ಬಿಟ್ಟು ಬರಕ್ಕೇಳು."

ಅವತ್ತು ನಮ್ಮ ಮನೆಯವರು ರಜೆ ಹಾಕಿದರು. ಪ್ಲಾಸ್ಟಿಕ್ ಕುರ್ಚಿಯ ಒಂದು ಬದಿ ಅವರು, ಇನ್ನೊಂದು ಬದಿ ಮೇಸ್ತ್ರಿ. ಎಪ್ಪತ್ತು ದಾಟಿದ ಮನುಷ್ಯ ನೀರಿನಲ್ಲಿ ಬರಿಗಾಲಲ್ಲಿ ಹೆಜ್ಜೆ ಹಾಕುತ್ತ, ಇನ್ನೂರು ಹೆಜ್ಜೆಯೂ ನನ್ನನ್ನು ಬೈದ. ಚರಂಡಿ ಮುಚ್ಚಿದ್ದಕ್ಕೆ ಬೈದ, ಅರ್ಜಿ ಬರೆದದ್ದಕ್ಕೆ ಬೈದ, ಕಾಫಿಗೆ ಸಕ್ಕರೆ ಜಾಸ್ತಿ ಹಾಕಿದ್ದೆ ಎಂದು ಕೆಲಸದವರು ಹೇಳಿದರಂತೆ, ಅದಕ್ಕೂ ಬೈದ. ನಾನು ಹಿಂದಿನಿಂದ ಆಸ್ಪತ್ರೆಯ ಚೀಲ ಹೊತ್ತುಕೊಂಡು ಎದುರು ಬೈಯುತ್ತ ನಡೆದೆ.

"ಲೇ ಮೇಸ್ತ್ರಿ, ನೀನು ಬಯ್ಯೋ ಭರಕ್ಕೆ ನನ್ನ ಬೀಳಿಸ್ಬಿಟ್ಟೀಯ ಕಣೋ," ಎಂದರು ಅತ್ತೆ. ಅವರ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಗೆಲುವಿತ್ತು.

ರಸ್ತೆ ತೆರೆದ ಮೇಲೆ ಅವನು ಒಂದು ದಿನ ಸುತ್ತಿಗೆ, ಉಳಿ ಹಿಡಿದು ನಮ್ಮ ಇಳಿಜಾರಿನ ಮುಂದೆ ಬಂದು ನಿಂತ. ಒಡೆದು ಪೈಪು ಹಾಕಿಕೊಡುತ್ತೇನೆ ಎಂದ. ಒಂದೇಟು ಹಾಕಿದರೆ ಠಾಣೆಗೆ ಹೋಗುತ್ತೇನೆ ಎಂದೆ. ಈ ಇಳಿಜಾರು ಬಂದಮೇಲೆ ಅತ್ತೆ ಯಾರ ಕೈಯೂ ಹಿಡಿಯದೆ, ಹೊಸದಾಗಿ ತಂದ ಗಾಲಿಕುರ್ಚಿಯಲ್ಲಿ ಕೂತು ಗಾಡಿಯವರೆಗೆ ಬರುತ್ತಿದ್ದರು. ಅದನ್ನು ಇವನಿಗೆ ಒಡೆಯಲು ಬಿಡುವುದೇ?

"ನಿನ್ ಮನೆ, ನಿಮ್ಮತ್ತೆ," ಎಂದಷ್ಟೇ ಹೇಳಿ ಹೊರಟುಹೋದ. ಅದಾದ ಮೇಲೆ ನಮ್ಮ ಮಾತೇ ನಿಂತಿತು.

ಭರಣಿ ಮಳೆ ಬಿದ್ದದ್ದು ಒಂದು ಬುಧವಾರ, ಮಧ್ಯಾಹ್ನ ಮೂರರ ಹೊತ್ತಿಗೆ. ನಾನು ಕಚೇರಿಯಲ್ಲಿದ್ದೆ. ಯಗಟಿಯಲ್ಲಿ ಬರೀ ಗಾಳಿ, ಧೂಳು. ಪಕ್ಕದ ಮನೆಯಾಕೆ ಫೋನು ಮಾಡಿ, ನಿಮ್ಮ ಮನೆಗೆ ನೀರು ನುಗ್ಗಿದೆ ಎಂದರು. ಅತ್ತೆ ಮುಂದಿನ ಕೋಣೆಯಲ್ಲಿ ಮಂಚದ ಮೇಲಿದ್ದಾರೆ. ತಾವಾಗಿ ಎದ್ದು ನಿಲ್ಲಲಾರರು. ಬಸ್ಸಿನಲ್ಲಿ ಕೂತು ನಾನು ಯಾವ ಯಾವ ದೇವರನ್ನು ಕರೆದೆನೋ. ಅಂತರಘಟ್ಟಮ್ಮನಿಗೆ ಮಾಡಿದ ಹರಕೆ ಇನ್ನೂ ತೀರಿಸಿಲ್ಲ.

ಬೀದಿಗೆ ಬಂದಾಗ ಮಳೆ ಹನಿಯುತ್ತಿತ್ತು. ಮೇಲಿನ ಮನೆಗಳ ಚರಂಡಿಯ ನೀರೆಲ್ಲ ಬಂದು ನಮ್ಮ ಇಳಿಜಾರಿಗೆ ಬಡಿದು, ಹೋಗಲು ದಾರಿಯಿಲ್ಲದೆ, ಉಳಿದಿದ್ದ ಒಂದು ಮೆಟ್ಟಿಲನ್ನು ದಾಟಿ ಒಳಗೆ ಹೋಗಿತ್ತು. ಆದರೆ ನಾನು ನೋಡುವಾಗ ಇಳಿಜಾರು ಇರಲಿಲ್ಲ. ಚೂರುಚೂರಾಗಿ ಬಿದ್ದಿತ್ತು. ಅದರ ನಡುವಿನಿಂದ ಕೆಂಪು ನೀರು ಭೋರೆಂದು ಹರಿದು, ಬೀದಿಯಡಿಯ ಮೋರಿಯಲ್ಲಿ ದಾಟಿ, ಮೇಸ್ತ್ರಿ ಕುರ್ಚಿ ಹಾಕಿ ಉಳಿಸಿದ್ದ ಆ ಚೌಕದ ಕಿಂಡಿಗೆ ಇಳಿಯುತ್ತಿತ್ತು. ರಸ್ತೆಯ ಮೇಲಿನ ನೀರೂ ಅಲ್ಲಿಗೇ ಬರುತ್ತಿತ್ತು. ಇಡೀ ಬೀದಿಯ ಮಳೆಯನ್ನು ಅದೊಂದೇ ಬಾಯಿ ಕುಡಿಯುತ್ತಿತ್ತು.

ಒಳಗೆ ಹೋದರೆ ಮೊಣಕಾಲಿನ ಕೆಳಗಿನವರೆಗೆ ನೀರು. ನನ್ನ ಚಪ್ಪಲಿ, ಅತ್ತೆಯ ಮಾತ್ರೆಯ ಡಬ್ಬ ತೇಲುತ್ತಿದ್ದವು. ಅತ್ತೆ ಮಂಚದ ಮೇಲೆ ಒಣ ಸೀರೆಯಲ್ಲಿ ಎತ್ತರದಲ್ಲಿ ಕೂತಿದ್ದರು. ಮಂಚದ ತಲೆಯ ಕಡೆಯ ಕಾಲುಗಳ ಅಡಿಯಲ್ಲಿ ಆ ಎರಡು ಸೈಜುಗಲ್ಲುಗಳಿದ್ದವು. ಇನ್ನೊಂದು ಕಡೆಗೆ ಸಿಮೆಂಟಿನ ಇಟ್ಟಿಗೆ ಜೋಡಿಸಿತ್ತು. ಪಕ್ಕದ ಮನೆಯವರಿಬ್ಬರನ್ನು ಕರೆದು, ಹಾರೆಯಲ್ಲಿ ಮೀಟಿ, ಅತ್ತೆ ಇರುವಂತೆಯೇ ಮಂಚ ಎತ್ತಿಸಿದ್ದನಂತೆ. ಆಮೇಲೆ ಹೊರಗೆ ಹೋಗಿ, ಮಳೆಯಲ್ಲಿ ಒಬ್ಬನೇ ನಿಂತು ಇಳಿಜಾರು ಒಡೆದನಂತೆ.

ಅವನು ಹೊಸ್ತಿಲಲ್ಲಿ ಹಾರೆಯ ಮೇಲೆ ಭಾರ ಬಿಟ್ಟು ನಿಂತಿದ್ದ. ಬಾಯಿಂದ ಉಸಿರಾಡುತ್ತಿದ್ದ. ನಾನು ಆಗ ಹೇಳಬೇಕಾದ ಮಾತು ಒಂದೇ ಇತ್ತು. ಅದ್ಯಾಕೋ ಬಾಯಿಗೆ ಬಂದದ್ದು ಬೇರೆ.

"ನನ್ನ ಒಂದು ಮಾತು ಕೇಳದೆ ಯಾಕೆ ಒಡೆದ್ರಿ?"

"ಕೇಳಾಕೆ ನೀನೆಲ್ಲಿದ್ದೆ? ಯಗಟೀಲಿ ಮುದ್ರೆ ಹೊಡೀತಿದ್ದೆ," ಎಂದು ಹಾರೆ ಹೆಗಲಿಗಿಟ್ಟುಕೊಂಡು ಹೋದ.

ನಾಚಿಕೆಯಿಂದ ಸಾಯುವಂತಾಯಿತು. ಆ ನಾಚಿಕೆಗೂ ಅವನ ಮೇಲೆಯೇ ಸಿಟ್ಟು ಬಂತು.

ಮುಂದಿನ ಎರಡು ಭಾನುವಾರ ಅವನು ನಮ್ಮ ಬಾಗಿಲು ಸರಿಮಾಡಿದ. ಆಳು ನಾನೇ. ಮರಳು ಸಿಮೆಂಟು ಕಲಸಿದೆ, ಬಾಣಲಿ ಹೊತ್ತೆ. ನಾನು ಕಲಸಿದ್ದನ್ನು ಕರಣೆಯಲ್ಲಿ ತಿರುವಿ ನೋಡಿ, "ಉಪ್ಪಿಟ್ಟು ಮಾಡಿದ್ಯೇನಮ್ಮ," ಎಂದ. ಚರಂಡಿಯ ಮೇಲೆ ಎತ್ತಿ ಇಡಬಹುದಾದ ಎರಡು ಚಪ್ಪಡಿ ಹಾಸಿದ. ಕೆಳಗೆ ನೀರಿಗೆ ದಾರಿ, ಮೇಲೆ ಕುರ್ಚಿಗೆ ದಾರಿ. ಹೊಸ್ತಿಲು ಒಂದು ಗೇಣು ಎತ್ತರಿಸಿದ, ಅದನ್ನು ದಾಟಲು ಇಟ್ಟು ತೆಗೆಯುವ ಹಲಗೆ ಮಾಡಿದ. ಕುರ್ಚಿಯನ್ನು ತಾನೇ ಮೂರು ಸಲ ಉರುಳಿಸಿ ನೋಡಿದ.

ಆವಾಗ ಕೇಳಿದೆ. "ಆ ಕಿಂಡಿಯ ವಿಷಯ ಹನ್ನೊಂದು ವರ್ಷದಲ್ಲಿ ಒಂದು ದಿನ ಬಾಯಿ ಬಿಟ್ಟು ಹೇಳಬಾರದಿತ್ತಾ? ಗಾಡಿ ನಿಂತರೆ ಕಸ ತೆಗೆಯಕ್ಕೆ ಆಗಲ್ಲ ಅಂತ?"

"ಹೇಳಿದ್ರೆ ನಿಲ್ಲಿಸ್ತಿರಲಿಲ್ವಾ ನೀನು?"

ಯೋಚಿಸಿದೆ. ನಿಲ್ಲಿಸುತ್ತಿದ್ದೆ. ಒಂದು ಗಂಟೆ ತಾನೇ, ಇವತ್ತು ಮಳೆಯಿಲ್ಲವಲ್ಲ ಎಂದು ನಿಲ್ಲಿಸುತ್ತಿದ್ದೆ. ಅವನಿಗೆ ಅದು ಗೊತ್ತಿತ್ತು. ಹಾಗೆಂದು ಅವನು ಮಾಡಿದ್ದೇ ಸರಿ ಎಂದು ನಾನು ಒಪ್ಪುವುದಿಲ್ಲ. ನಾಲ್ಕು ಮಾತು ಬಿಡಿಸಿ ಹೇಳಿದ್ದರೆ ನಮ್ಮಿಬ್ಬರ ಹನ್ನೊಂದು ವರ್ಷ ಇಷ್ಟು ಕಹಿಯಾಗುತ್ತಿರಲಿಲ್ಲ.

ಕಲ್ಲುಗಳನ್ನು ಅವನು ವಾಪಸು ಕೇಳಲಿಲ್ಲ. ಮಂಚ ಎತ್ತರವಾದದ್ದರಿಂದ ಅತ್ತೆಗೆ ಕಾಲು ಇಳಿಬಿಟ್ಟು ಏಳುವುದು ಸುಲಭವಾಗಿತ್ತು. ಇರಲಿ ಬಿಡು ಎಂದ. ಕಲ್ಲಿನ ಬದಲು ತಾನೇ ಕುರ್ಚಿ ಹಾಕಿಕೊಂಡು ಕಿಂಡಿಯ ಪಕ್ಕ ಕೂರತೊಡಗಿದ. ಅಲ್ಲಿ ನಿಲ್ಲಿಸಲು ಬಂದವರಿಗೆಲ್ಲ ಅದೇ ಮಾತು, ಅದೇ ದನಿ. ಗುರುವಾರ, ಸೋಮವಾರ ನಮ್ಮ ಓಮ್ನಿಗೆ ಮಾತ್ರ ಕುರ್ಚಿ ಪಕ್ಕಕ್ಕೆ ಎಳೆಯುತ್ತಿದ್ದ. ಅತ್ತೆ ಹತ್ತಿದ ಕೂಡಲೇ, "ಆಯ್ತಲ್ಲ, ತೆಗಿ," ಎನ್ನುತ್ತಿದ್ದ.

ಮುಂದಿನ ವರ್ಷ, ಇನ್ನೂ ಮಳೆ ಶುರುವಾಗಿರಲಿಲ್ಲ, ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಎದುರಿಗೆ ಹಿಮ್ಮಡಿಗಳಿರಲಿಲ್ಲ. ಒಳಗೆ ಎದೆನೋವೆಂದು ಮಲಗಿದ್ದ. ನಮ್ಮ ಓಮ್ನಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ, ಗೇರು ಸರಿಯಾಗಿ ಹಾಕು ಎಂದ. ನನ್ನೊಂದಿಗೆ ಅವನ ಕೊನೆಯ ಮಾತು ಅದೇ. ಎರಡನೇ ದಿನ ಹೋದ. ಅಜ್ಜಂಪುರದಿಂದ ಬಂದ ಮಗಳು ಅವನ ಕಾಲು ತೊಳೆಯುವಾಗ ನಾನು ನೀರು ಹುಯ್ದೆ. ಅವಳು ಹಿಮ್ಮಡಿಯನ್ನು ಎಷ್ಟು ಉಜ್ಜಿದರೂ ಸಿಮೆಂಟು ಹೋಗಲಿಲ್ಲ. ನನಗೆ ಅಳು ಬಂತು. ಒಂದು ಸಲವಾದರೂ ಅವನಿಗೆ ಉಪಕಾರವಾಯಿತು ಅನ್ನಲಿಲ್ಲ ನಾನು. ಮಕ್ಕಳಿಲ್ಲದ ಮನೆ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ ಕಿಂಡಿಯ ಮೇಲೆ ಒಂದು ಬಿಳಿ ಕಾರು ನಿಂತಿತ್ತು. ಬೀದಿಯ ಆ ತುದಿಗೆ ಹೊಸದಾಗಿ ಬಾಡಿಗೆಗೆ ಬಂದವರದು. ಜಗಲಿಯಲ್ಲಿ ಕೂತು ಅತ್ತೆ ಅದನ್ನೇ ನೋಡುತ್ತಿದ್ದರು. ಬಹಳ ಹೊತ್ತು ನೋಡಿ, ನನ್ನನ್ನು ಕರೆದರು.

"ಮಂಚದಡಿಯಿಂದ ಕಲ್ಲು ತೆಗಿಯೇ. ಅವನ ಜಾಗಕ್ಕೆ ಹಾಕು."

"ನಿಮಗೆ ಏಳೋಕೆ ಕಷ್ಟ ಆಗುತ್ತೆ."

"ಇಟ್ಟಿಗೆ ಇಟ್ಕಂಡ್ರಾಯ್ತು. ತೆಗಿ ಅಂದ್ನಲ್ಲ."

ಅವನ ಹಾರೆಯನ್ನು ಮಗಳು ನಮ್ಮಲ್ಲೇ ಬಿಟ್ಟುಹೋಗಿದ್ದಳು. ನಮ್ಮ ಮನೆಯವರು ಮಂಚ ಎತ್ತಿ ಹಿಡಿದರು, ನಾನು ಮೀಟಿದೆ. ತುದಿಯನ್ನು ಎಲ್ಲಿ ಕೊಡಬೇಕೆಂದು ಅವನು ಮಾಡಿದ್ದನ್ನು ನೋಡಿ ಗೊತ್ತಿತ್ತು. ಕಾರು ಹೋದಮೇಲೆ ಎರಡೂ ಕಲ್ಲುಗಳನ್ನು ಮೊದಲಿದ್ದಲ್ಲೇ ಕೂರಿಸಿದೆವು. ಗೋಡೆಯ ಕಡೆ ಒಂದು ಗೇಣು ಸರಿಸಿದ್ದನಲ್ಲ, ಅಲ್ಲಿಗಲ್ಲ, ಅದಕ್ಕೂ ಮೊದಲಿನ ಜಾಗಕ್ಕೆ.

ಈಗ ಬೆಳಿಗ್ಗೆ ಬಸ್ಸಿಗೆ ಮೊದಲು ಆ ಸರಳು ಹಿಡಿದು ಕಿಂಡಿಯ ಮುಂದೆ ಕೂರುವವಳು ನಾನು. ಕಾರಿನವರು ಬಂದು ಯಾಕೆ ನಿಲ್ಲಿಸಬಾರದು ಎಂದು ಕೇಳಿದರು. ನಾನು ಓದಿದವಳು, ಮೋರಿ, ಚರಂಡಿ, ಭರಣಿ ಮಳೆ ಎಲ್ಲವನ್ನೂ ಬಿಡಿಸಿ ಹೇಳಿದೆ. ತಲೆದೂಗಿದರು. ಮರುದಿನ ಮತ್ತೆ ಅಲ್ಲೇ ತಂದು ನಿಲ್ಲಿಸಲು ನೋಡಿದರು. ಅಂದಿನಿಂದ ನಾನೂ ನಿಲ್ಲಿಸಬೇಡಿ ಎಂದಷ್ಟೇ ಹೇಳುತ್ತೇನೆ.

ಕಳೆದ ವಾರ ನನ್ನ ಹೆಸರಿಗೆ ನೋಟೀಸು ಬಂದಿದೆ. ಸಾರ್ವಜನಿಕ ರಸ್ತೆಯಲ್ಲಿ ಎರಡು ಕಲ್ಲು ಇಟ್ಟಿದ್ದೇನೆಂದು ಕಾರಿನವರು ದೂರು ಕೊಟ್ಟಿದ್ದಾರೆ. ಅದರ ಪ್ರತಿಯೂ ಜೊತೆಗಿದೆ. ಜಗಲಿಯಲ್ಲಿ ಕೂತು ಅತ್ತೆಗೆ ಪೂರ್ತಿ ಓದಿ ಹೇಳಿದೆ. ಬರವಣಿಗೆ ಅಷ್ಟೇನೂ ಚೆನ್ನಾಗಿಲ್ಲ.